ಹಲಗಿ ಯಾರ ಕೈಯಾಗ, ಯಾರ ಮಾತಿಗೆ?

ಕಲೆಗೆ ಜಾತಿ ಇಲ್ಲ ಎಂದು ಭಾಷಣ ಬಿಗಿಯುವವರನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ. ಕಲೆಗೆ ಜಾತಿ ಇಲ್ಲದಿದ್ದರೆ ಹಲಗಿಗೆ ಯಾಕಿದೆ? ವೀಣೆ ನುಡಿಸುವವನು ವಿದ್ವಾಂಸ, ತಬಲಾ ನುಡಿಸುವವನು ಉಸ್ತಾದ, ಹಲಗಿ ಬಾರಿಸುವವನು ಮಾತ್ರ 'ಏ, ಬಾರೋ ಇಲ್ಲಿ'! ತಬಲಾಕ್ಕೆ ಹಾಕಿದ್ದೂ ತೊಗಲೇ, ಮೃದಂಗಕ್ಕೆ ಹಾಕಿದ್ದೂ ತೊಗಲೇ. ಆ ತೊಗಲು ಹದ ಮಾಡಿಕೊಟ್ಟವನ ಕೈಯೂ ನಮ್ಮದೇ. ಸಭಾಭವನದ ಒಳಗೆ ಹೋದ ತೊಗಲು ಪವಿತ್ರ, ಗುಡಿಯ ಹೊರಗೆ ನಿಂತ ತೊಗಲು ಮೈಲಿಗೆ. ಇದು ಕಲೆಯ ನಿಯಮವಲ್ಲ, ಊರಿನ ನಿಯಮ. ಗೌಡಕಿ, ಕುಲಕರ್ಣಿಕಿ, ಪುರೋಹಿತಶಾಹಿ ಕೂಡಿ ಬರೆದ ನಿಯಮ.

ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರಿನಲ್ಲಿ ಕೇರಿಯ ಹುಡುಗರು ನಾಳೆ ಒಂದು ಕಲಾತಂಡ ಕಟ್ಟಬೇಕೆಂದು ಕೂತರು ಅಂತ ಇಟ್ಟುಕೊಳ್ಳಿ. ಕೂತ ತಾಸಿನೊಳಗ ಎರಡು ಬುದ್ಧಿಮಾತು ಬರುತಾವ. ಒಂದು ತಾಲೂಕು ಕಚೇರಿಯ ಕಡೆಯಿಂದ: 'ಮೊದಲು ಸಂಘ ನೋಂದಣಿ ಮಾಡಿಸ್ರಿ, ಲೆಟರ್‌ಹೆಡ್ ಹೊಡಸ್ರಿ, ಇಲಾಖೆಗೆ ಅರ್ಜಿ ಹಾಕ್ರಿ, ಅನುದಾನ ಬಂದ ಮ್ಯಾಲ ಹಾಡೀರಂತ.' ಇನ್ನೊಂದು ನಮ್ಮವರ ಕಡೆಯಿಂದಲೇ, ಓದಿ ನೌಕರಿ ಹಿಡಿದವರಿಂದ: 'ಹಲಗಿ ಯಾಕ ಮತ್ತ ಕೈಯಾಗ ಹಿಡೀತೀರಿ? ಅಪ್ಪ, ಮುತ್ಯಾ ಬಾರಿಸಿದ್ದು ಸಾಲದೇನು? ಒಯ್ದು ಹೊಳ್ಯಾಗ ಒಗೀರಿ.' ಮೊದಲನೆಯದು ಮೋಸದ ಮಾತು. ಎರಡನೆಯದು ನೋವಿನ ಮಾತು. ಎರಡನ್ನೂ ಒಪ್ಪಬಾರದು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ಒಂದು ಭ್ರಮೆ ಹರಿಯಲಿ. ಹಾಡು, ಆಟ, ಚಿತ್ರ, ಪತ್ರಿಕೆ, ಪರದೆ ಎಲ್ಲ ಕೂಡಿದ ಕಲಾಬಳಗ ಎಂದರೆ ಪಟ್ಟಣದವರು ಕಂಡುಹಿಡಿದದ್ದು, ಹಳ್ಳಿಗೆ ಅದನ್ನು ತಂದುಕೊಡಬೇಕು ಎಂಬ ಭ್ರಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳನ್ನು ನೋಡಿರಿ. ಕಣದಾಗ ಹಂತಿ ಹಾಡು, ಬೀಸುಕಲ್ಲ ಮುಂದ ಬೀಸುವ ಪದ, ಅಲಾಯಿ ಕುಣಿ ಸುತ್ತ ರಿವಾಯತ್, ಚಾವಡಿ ಮುಂದ ಗೀಗೀ ಪದ, ಗುಡಿ ಕಟ್ಟಿ ಮ್ಯಾಲ ಡೊಳ್ಳಿನ ಪದ, ರಾತ್ರಿ ಕಳೆಯುವ ತನಕ ಪಾರಿಜಾತ, ಸಂಗ್ಯಾ ಬಾಳ್ಯಾ. ಮಠದ ಒಳಗೆ ಬಿಡದವರು ಹೊರಗೆ ಕೂತು ಕಡಕೋಳ ಮಡಿವಾಳಪ್ಪನ ತತ್ವಪದ ಹಾಡಿಕೊಂಡರು. ಹಾಡು, ಕುಣಿತ, ವೇಷ, ಬಣ್ಣ ಎಲ್ಲವೂ ಇದ್ದವು. ಇಲ್ಲದೇ ಇದ್ದದ್ದು ಒಂದೇ: ಎಲ್ಲಿ ಹಾಡಬೇಕು, ಯಾವಾಗ ಹಾಡಬೇಕು, ಏನು ಹಾಡಬೇಕು ಎಂದು ಹೇಳುವ ಅಧಿಕಾರ. ಅದು ಕೇರಿಯ ಕೈಯಲ್ಲಿ ಇರಲಿಲ್ಲ. ಹೆಣ ಎದ್ದಾಗ ಹಲಗಿ, ಜಾತ್ರಿಗೆ ಹಲಗಿ, ಡಂಗುರಕ್ಕೆ ಹಲಗಿ. ಕೊಟ್ಟದ್ದು ಆಯದ ಕಾಳು, ಉಳಿದ ಬಾನ. ಕೂಲಿ ಕೇಳಿದರೆ 'ಇದು ನಿಮ್ಮ ಹಕ್ಕು' ಎಂದರು. ಇಂಥಾ ಹಕ್ಕು ಬ್ಯಾರೆ ಯಾರಿಗೂ ಬ್ಯಾಡಾಗಿತ್ತು!

ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಗೆಳೆಯರ ಬಳಗ ಹುಟ್ಟಿತ್ತು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾ ಇವರೆಲ್ಲ ಸೇರಿ ಜನಪದ ಹಾಡು ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಹಳ್ಳಿಯವರ ಬಾಯಿಮಾತು ಕಾವ್ಯವೆಂದು ವಿದ್ವಾಂಸರ ಮುಂದೆ ಎದೆತಟ್ಟಿ ಹೇಳಿದ ಬಳಗ ಅದು. ಅದರ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಕೂಡಿಸಿದವರ ಹೆಸರು ಶಾಲೆಯ ಪಾಠದಲ್ಲಿದೆ, ಹಾಡಿದವರ ಹೆಸರು ಎಲ್ಲಿದೆ? ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಆ ಹಾಡು ಕಟ್ಟಿದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಗರತಿಯ ಹಾಡಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು. ಹೊಲಗೇರಿ, ಮಾದಿಗೇರಿಯ ಹೆಣ್ಣುಮಗಳು ಪರರ ಹೊಲದಲ್ಲಿ ಕಳೆ ತೆಗೆಯುತ್ತ ಹಾಡಿದ ಹಾಡಿಗೆ? ಹಾಡು ಕೂಡಿಸುವುದು ಬೇರೆ, ಹಾಡುವವರು ಕೂಡುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಕಲಾತಂಡ ಕಟ್ಟಲು ಹೋಗಬಾರದು.

ಹಾಡುವವರೇ ಕೂಡಿದ ಕಥೆ ನಮ್ಮ ಪಕ್ಕದಲ್ಲೇ ಇದೆ. 1956ರವರೆಗೆ ನಮ್ಮ ವಿಜಾಪುರ ಜಿಲ್ಲೆ ಮುಂಬೈ ರಾಜ್ಯದ್ದು. ಬರ ಬಿದ್ದರೆ ನಮ್ಮವರ ಕಾಲು ಸೊಲ್ಲಾಪುರದ ಗಿರಣಿಗೆ, ಮುಂಬೈಗೆ. ಆ ಕಡೆ ಜ್ಯೋತಿಬಾ ಫುಲೆಯವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದ ದಾರಿ ಹಿಡಿದು ಜಲಸಾ ಮೇಳಗಳು ಹುಟ್ಟಿದವು. ತಮಾಷಾ ಆಟದ ದಾಟಿಯನ್ನೇ ತಿರುವಿ ಪುರೋಹಿತನ ಬಣ್ಣ ಬಯಲು ಮಾಡಿದವು. 1930ರ ದಶಕದಿಂದ ಭೀಮರಾವ್ ಕರ್ಡಕ್‌ರಂಥವರ ಅಂಬೇಡ್ಕರಿ ಜಲಸಾಗಳು ಕೇರಿಕೇರಿಗೆ ಹೋದವು. 1944ರಲ್ಲಿ ಅಣ್ಣಾಭಾವು ಸಾಠೆ, ಅಮರ ಶೇಖ, ಗವ್ಹಾಣಕರ ಸೇರಿ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಸಾಠೆಯವರು ಮಾಂಗ ಜಾತಿಯಲ್ಲಿ ಹುಟ್ಟಿದವರು, ಶಾಲೆಯ ಮುಖ ಸರಿಯಾಗಿ ಕಾಣದವರು. ಅವರಿಗೆ ಯಾವ ಅಕಾಡೆಮಿ ಅನುದಾನ ಕೊಟ್ಟಿತ್ತು? ದುಡಿಯಲು ಹೋದ ನಮ್ಮವರು ವಾಪಸು ಬರುವಾಗ ಗಂಟಿನ ಜೊತೆ ಭೀಮಗೀತೆಯನ್ನೂ ಹೊತ್ತು ತಂದರು. ಅದು ನಮ್ಮ ಮೊದಲ ಬಂಡವಾಳ.

ಈ ಜಲಸಾದ ಹಿಂದೆ ಒಂದು ನಿರಾಕರಣೆ ಇತ್ತು, ಅದನ್ನು ಮರೆಯಬಾರದು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿ ಮಂಡಿಸಿದರು. ಯಾಕೆ? ತುಂಡು ನೆಲ, ನಾಲ್ಕು ಕಾಳು ತೋರಿಸಿ ಮಹಾರನನ್ನು ಹಗಲುರಾತ್ರಿ ಊರ ಚಾಕರಿಗೆ ಕಟ್ಟಿಹಾಕಿದ್ದು ಅದೇ ವತನ. ಮೊದಲು ಚಾಕರಿ ನಿಲ್ಲಿಸು, ಆಮೇಲೆ ನಿನ್ನ ಧ್ವನಿ ನಿನ್ನದಾಗುತ್ತದೆ ಎಂಬುದು ಆ ಹೋರಾಟದ ಪಾಠ. ಕರ್ನಾಟಕದಲ್ಲೂ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಯಿತು. ಕಾಗದದ ಮೇಲೆ ವಂಶಪಾರಂಪರ್ಯದ ಚಾಕರಿ ಸತ್ತಿತು. ಊರೊಳಗೆ ಸತ್ತಿತೇ? ಕಾಯ್ದೆ ಕಚೇರಿಯಾಗ ಉಳೀತು, ರೂಢಿ ಊರಾಗ ಉಳೀತು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಮಲ ಹೊರುವ ಪದ್ಧತಿಗೆ ನಿಷೇಧ ತಂದ ಮನುಷ್ಯ ಅವರು. ಮಲ ತಲೆಯ ಮೇಲೆ ಹೊರಿಸಿದಾಗ ಬಾರದ ಸಿಟ್ಟು ಬೂಸಾ ಎಂಬ ಒಂದು ಮಾತಿಗೆ ಬಂತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ಪದವಿ ಹೋಯಿತು. ಆ ಏಟು ತಿಂದ ಹುಡುಗರೇ ಮುಂದೆ ಬರೆದರು, ಹಾಡಿದರು, ಸಂಘ ಕಟ್ಟಿದರು. 1970ರ ದಶಕದ ನಡುವಿನಲ್ಲಿ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಮೈಸೂರಿನಿಂದ 'ಪಂಚಮ' ಪತ್ರಿಕೆ ಹೊರಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಪುಸ್ತಕ ಕೊಂಡು ಓದಿದವರು ಎಷ್ಟು ಜನವೋ ಏನೋ, ಆ ಪದ್ಯ ಬಾಯಿಪಾಠ ಮಾಡಿದವರಿಗೆ ಲೆಕ್ಕವಿಲ್ಲ. ಅಕ್ಷರ ಬಾರದ ಕೂಲಿಯವನ ಬಾಯಲ್ಲೂ ಅದು ನಿಂತಿತು. ಯಾಕಂದರೆ ಅದು ಹಲಗಿ, ತಮಟೆಯ ಜೊತೆ ಹೋಯಿತು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್, ಜನ್ನಿ ಮುಂತಾದವರ ಕಂಠದಲ್ಲಿ ಹೋರಾಟದ ಹಾಡು ಊರೂರು ತಿರುಗಿತು. ಗೋಡೆಯ ಮೇಲೆ ಬರಹ, ಕೈಯಲ್ಲಿ ಕರಪತ್ರ, ಬೀದಿಯಲ್ಲಿ ಆಟ, ಬಾಯಲ್ಲಿ ಹಾಡು. ಸಮಿತಿಯ ಸಭೆ ಎಂದರೆ ಭಾಷಣಕ್ಕಿಂತ ಮೊದಲು ಹಾಡು.

ಇಲ್ಲಿ ನಡೆದದ್ದು ಏನು? ಹೆಣದ ಮುಂದೆ ಬಾರಿಸಿದ ಕೈಯೇ ಮೆರವಣಿಗೆಯ ಮುಂದೆ ಬಾರಿಸಿತು. ಒಂದೇ ತೊಗಲು, ಒಂದೇ ಕೋಲು. ಆದರೆ ಮೊದಲು ಕರೆದವನು ಗೌಡ, ಈಗ ಕರೆದವರು ತಾವೇ. ಇದೇ ವ್ಯತ್ಯಾಸ. ಶಿವರಾಮ ಕಾರಂತರ 'ಚೋಮನ ದುಡಿ' 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ತುಂಡು ನೆಲ ಉಳಬೇಕೆಂಬ ಚೋಮನ ಆಸೆ ತೀರಲಿಲ್ಲ, ದುಡಿ ಬಡಿಯುತ್ತ ಬಡಿಯುತ್ತ ಗುಡಿಸಲೊಳಗೆ ಸತ್ತ. ಓದಿದವರು ಅತ್ತರು, ನೋಡಿದವರು ಪ್ರಶಸ್ತಿ ಕೊಟ್ಟರು. ಆದರೆ ಆ ಸಿನಿಮಾ ತೆರೆಗೆ ಬಂದ ಕಾಲಕ್ಕೇ ಸಾವಿರ ಚೋಮರು ಗುಡಿಸಲಿಂದ ಹೊರಬಿದ್ದು ನೆಲ ಕೇಳುತ್ತಿದ್ದರು. ಗುಡಿಸಲೊಳಗಿನ ದುಡಿ ಕರುಣೆ ಹುಟ್ಟಿಸುತ್ತದೆ, ಬೀದಿಗೆ ಬಂದ ದುಡಿ ಭಯ ಹುಟ್ಟಿಸುತ್ತದೆ. ನಮ್ಮ ಮೇಲೆ ಕರುಣೆ ತೋರುವವರು ನಮ್ಮನ್ನು ಕಂಡು ಯಾಕೆ ಅಂಜುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅದೇ 1975ರಲ್ಲಿ, ತುರ್ತು ಪರಿಸ್ಥಿತಿಯ ವರ್ಷ, ಬೆಂಗಳೂರಿನಲ್ಲಿ 'ಸಮುದಾಯ' ಹುಟ್ಟಿತು. ಪ್ರಸನ್ನ ಅವರಂಥ ರಂಗಕರ್ಮಿಗಳು ಮುಂದೆ ನಿಂತರು. ನಾಟಕ, ಬೀದಿ ನಾಟಕ, ಹಾಡು, ಚಿತ್ರ, ಪತ್ರಿಕೆ ಎಲ್ಲವನ್ನೂ ಒಂದೇ ಚಳವಳಿಯಾಗಿ ಕಟ್ಟಿದರು, ಜಿಲ್ಲೆಜಿಲ್ಲೆಗೆ ಘಟಕಗಳಾದವು. ಬಿಹಾರದ ಬೆಲ್ಚಿಯಲ್ಲಿ 1977ರ ಮೇ ತಿಂಗಳಲ್ಲಿ ಜಮೀನ್ದಾರನ ಗುಂಪು 11 ಜನರನ್ನು ಕೊಂದು ಸುಟ್ಟಿತು, ಹೆಚ್ಚಿನವರು ದಲಿತರು. ಆ ಕೊಲೆಯನ್ನು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದ 'ಬೆಲ್ಚಿ' ಕನ್ನಡದ ಬೀದಿಗೆ ತಂದಿತು. ಪರದೆ ಇಲ್ಲ, ದೀಪ ಇಲ್ಲ, ಟಿಕೇಟು ಇಲ್ಲ. ನಾಲ್ಕು ದಾರಿ ಕೂಡಿದಲ್ಲಿ ಆಟ. 1979ರಲ್ಲಿ ಸಮುದಾಯದ ಜಾಥಾ ಊರೂರು ತಿರುಗಿತು. ಅದೇ ವರ್ಷ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯ ಗೋಷ್ಠಿಗೆ ಜಾಗ ಇಲ್ಲ ಎಂದದ್ದಕ್ಕೆ ಉತ್ತರವಾಗಿ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಬಾಗಿಲು ಮುಚ್ಚಿದವರೇ ನಮಗೆ ಬಯಲು ತೋರಿಸಿದರು ಅನ್ನಬೇಕು.

ಸಮುದಾಯದ ಗೆಳೆಯರನ್ನು ನಾವು ವೈರಿಗಳೆಂದು ತಿಳಿದಿಲ್ಲ. ಪೊಲೀಸರ ಲಾಠಿಗೆ ಅಂಜದೆ ಬೀದಿಗೆ ಇಳಿದವರು ಅವರು. 1989ರ ಜನವರಿ 1ರಂದು ದಿಲ್ಲಿ ಹತ್ತಿರದ ಸಾಹಿಬಾಬಾದಿನಲ್ಲಿ ಕಾರ್ಮಿಕರ ಮುಂದೆ ಆಟ ಆಡುತ್ತಿದ್ದ ಸಫ್ದರ್ ಹಾಶ್ಮಿಯವರ ಮೇಲೆ ಗೂಂಡಾಗಳು ಬಿದ್ದರು, ಮರುದಿನ ಅವರು ಸತ್ತರು. ಬೀದಿ ನಾಟಕ ಎಂದರೆ ಮಕ್ಕಳಾಟವಲ್ಲ ಎಂದು ನೆತ್ತರು ಹೇಳಿತು. ಆದರೂ ಒಂದು ಮಾತು ಹೇಳಲೇಬೇಕು. ಪಟ್ಟಣದಿಂದ ಬಂದ ಜಾಥಾ ಒಂದು ರಾತ್ರಿ ಆಡಿ ಮರುದಿನ ಮುಂದಿನ ಊರಿಗೆ ಹೋಗುತ್ತದೆ. ಆಟದಲ್ಲಿ ಗೌಡನನ್ನು ಬೈದದ್ದಕ್ಕೆ ಮರುದಿನ ಕೂಲಿ ತಪ್ಪುವುದು ನೋಡಲು ಬಂದ ಕೇರಿಯವನಿಗೆ. ಆಡಿದವನಿಗೆ ಬಸ್ಸಿದೆ, ನೋಡಿದವನಿಗೆ ಬಹಿಷ್ಕಾರವಿದೆ. ಅದಕ್ಕೇ ಹೊರಗಿನವರು ಬಂದು ಆಡಿದ ಆಟ ಎಷ್ಟೇ ಖರೆ ಇರಲಿ, ಊರಿನವರು ಕಟ್ಟಿದ ತಂಡದ ಜಾಗ ತುಂಬಲಾರದು. ಊರೊಳಗೇ ಇದ್ದು ಹಾಡುವವನಿಗೆ ಸಂಘಟನೆ ಬೇಕು, ಹಿಂದೆ ನಿಲ್ಲುವ ಹತ್ತು ಮನೆ ಬೇಕು. ಕಲಾತಂಡ ಮೊದಲು, ಸಂಘಟನೆ ಆಮೇಲೆ ಎನ್ನುವವರು ಇದನ್ನು ಯೋಚಿಸಲಿ.

ಆಮೇಲೆ ಆದದ್ದೇನು? 1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂತು. ಕಲಾಜಾಥಾಗಳು ಹಳ್ಳಿ ತುಂಬಿದವು. ಒಳ್ಳೆಯ ಕೆಲಸವೇ. ಅದರಿಂದ ಅಕ್ಷರ ಕಲಿತವರಿದ್ದಾರೆ, ಮೈಕ್ ಹಿಡಿಯಲು ಕಲಿತ ಹೆಣ್ಣುಮಕ್ಕಳಿದ್ದಾರೆ. ಆದರೆ ಅದೇ ಹೊತ್ತಿಗೆ ಸರ್ಕಾರಕ್ಕೆ ಒಂದು ಗುಟ್ಟು ತಿಳಿಯಿತು: ಈ ಹುಡುಗರಿಗೆ ದಿನಗೂಲಿ ಕೊಟ್ಟರೆ ನಮ್ಮ ಹಾಡನ್ನೂ ಹಾಡುತ್ತಾರೆ! ಅಂದಿನಿಂದ ಶುರುವಾಯಿತು ನೋಡಿರಿ. ಶೌಚಾಲಯ ಕಟ್ಟಿಸಿರಿ ಎಂದು ಬೀದಿ ನಾಟಕ, ಯೋಜನೆಯ ಪ್ರಚಾರಕ್ಕೆ ಬೀದಿ ನಾಟಕ. ಶೌಚಾಲಯ ಬೇಡ ಎಂದು ಯಾರು ಹೇಳಿದರು? ಆದರೆ ಆ ಗುಂಡಿಗೆ ಇಳಿದು ಸತ್ತವನ ನಾಟಕಕ್ಕೆ ಯಾವ ಇಲಾಖೆ ಅನುದಾನ ಕೊಡುತ್ತದೆ? 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಆ ಆಟ ಆಡಿರಿ ಎಂದು ಆದೇಶ ಹೊರಡಿಸುವ ಅಧಿಕಾರಿ ಇದ್ದಾನೆಯೇ? ಇತ್ತ ದಲಿತ ಸಂಘಟನೆಯೂ ಬಣಬಣವಾಗಿ ಒಡೆಯಿತು. ಒಂದು ಹಾಡಿಗೆ ನಾಲ್ಕು ಬಣ, ಒಂದು ಹಲಗಿಗೆ ನಾಲ್ಕು ಬ್ಯಾನರು. ಚುನಾವಣೆ ಬಂದರೆ ಅದೇ ಹುಡುಗರು ಯಾರದೋ ಜೀಪಿನ ಹಿಂದೆ. ಮೊದಲು ಗೌಡನ ವಾಡೇದ ಮುಂದ ಬಾರಿಸಿದಿವಿ, ಈಗ ಶಾಸಕನ ಕಾರಿನ ಮುಂದ. ಬದಲಾದದ್ದು ಏನು, ಹೇಳ್ರಿ?

ಹಾಗಾದರೆ ದಾರಿ ಇಲ್ಲವೇ? ಇದೆ. ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಎಂಬ ಕೇಂದ್ರವಿದೆ. ದಲಿತ ಚಳವಳಿಯಲ್ಲಿ ಹಾಡು ಬರೆದ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು 2000ದ ದಶಕದಲ್ಲಿ ಅದನ್ನು ಕಟ್ಟಿದರು. ದಿನಕ್ಕೆ ಒಂದು ರೂಪಾಯಿ ಎತ್ತಿಡುವ ಗೆಳೆಯರು ಸೇರಿದ್ದೇ ಅದರ ಬುನಾದಿ. ಹುಣ್ಣಿಮೆ ಬಂದರೆ 'ಹುಣ್ಣಿಮೆ ಹಾಡು': ಬೆಟ್ಟದ ಮೇಲೆ ಬೆಳದಿಂಗಳಲ್ಲಿ ಹಾಡು, ಆಟ, ಮಾತು. ಮಕ್ಕಳಿಗೆ ರಂಗದ ಪಾಠ. ಇದರಲ್ಲಿ ಕಲಿಯಬೇಕಾದದ್ದು ಬೆಟ್ಟವಲ್ಲ, ಆ ಒಂದು ರೂಪಾಯಿ. ಲೆಕ್ಕ ಹಾಕಿರಿ. ಒಂದು ಕೇರಿಯಲ್ಲಿ 40 ಮನೆ, ಮನೆಗೆ ದಿನಕ್ಕೆ 1 ರೂಪಾಯಿ, ವರ್ಷಕ್ಕೆ 14,600 ರೂಪಾಯಿ. ಹಲಗಿಗೆ, ಬಣ್ಣಕ್ಕೆ, ಕಾಗದಕ್ಕೆ, ಪಕ್ಕದ ಊರಿಗೆ ಹೋಗುವ ಬಸ್ ಚಾರ್ಜಿಗೆ ಅದು ಸಾಕು. ಆ ದುಡ್ಡಿನ ಮಾಲೀಕರು ಕೇರಿಯವರು. ತಂಡ ತಪ್ಪು ಹಾಡಿದರೆ 'ನಮ್ಮ ರೂಪಾಯಿ ತಿಂದು ಇದೇನೋ ಹಾಡ್ತೀರಿ' ಎಂದು ಕೇಳುವ ಅಧಿಕಾರ ಮುದುಕಿಗೂ ಇರುತ್ತದೆ. ಅನುದಾನದ ತಂಡವನ್ನು ಆ ಮುದುಕಿ ಕೇಳಲಾದೀತೆ? ಅದು ಉತ್ತರ ಕೊಡುವುದು ಬಿಲ್ ಪಾಸು ಮಾಡುವವನಿಗೆ.

ಇನ್ನು ನೋವಿನ ಮಾತಿಗೆ ಬರೋಣ. ಹಲಗಿ ಒಗೆಯಬೇಕೆ? ಒಗೆಯಬೇಕು ಎನ್ನುವವರ ಸಂಕಟ ಸುಳ್ಳಲ್ಲ. ಅಪ್ಪ ಹೆಣದ ಮುಂದೆ ಕುಡಿದು ಬಾರಿಸುತ್ತಿದ್ದುದನ್ನು ಶಾಲೆಯ ಗೆಳೆಯರ ಮುಂದೆ ನಿಂತು ನೋಡಿದ ಮಗನಿಗೆ ಹಲಗಿಯ ಸದ್ದು ಸಂಗೀತವಾಗಿ ಕೇಳುವುದಿಲ್ಲ. ಆ ಮಗನಿಗೆ 'ಇದು ನಿನ್ನ ಪರಂಪರೆ, ಉಳಿಸಿಕೋ' ಎಂದು ಜಾನಪದ ವಿದ್ವಾಂಸರು ಬುದ್ಧಿ ಹೇಳುವುದು ನಾಚಿಕೆಗೇಡು. ನಿಮ್ಮ ಮಗ ಬಾರಿಸುತ್ತಾನೇನು ಸ್ವಾಮಿ? ಚೌಡಿಕಿ ಪದ ಅಳಿಯುತ್ತಿದೆ ಎಂದು ಕಣ್ಣೀರು ಹಾಕುವವರೂ ಇದ್ದಾರೆ. ಆ ಪದ ಹಾಡಿದವಳು ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕ. ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ 1982ರಲ್ಲಿ ಆಯಿತು. ಪದ ಉಳಿಯಲೆಂದು ಮುತ್ತು ಉಳಿಯಬೇಕೆ? ಮುತ್ತು ಹರಿಯಲಿ, ಪದ ಉಳಿಯಲಿ. ಹಾಡುವ ಇಚ್ಛೆ ಇದ್ದವಳು ಯಾರ ಮುಂದೂ ತಲೆಬಾಗದೆ ಹಾಡಲಿ, ಇಚ್ಛೆ ಇಲ್ಲದವಳು ಬಿಡಲಿ. ಹಲಗಿಗೂ ಇದೇ ಮಾತು.

ಚಾಕರಿ ಒಗೆಯಿರಿ, ಹಲಗಿ ಒಗೆಯಬೇಡಿರಿ. ಎರಡೂ ಒಂದೇ ಅಲ್ಲ. ಹಲಗಿಯಲ್ಲಿ ಮೈಲಿಗೆ ಇಲ್ಲ, ಕರೆದವನ ಕಣ್ಣಲ್ಲಿ ಇದೆ. ಹಲಗಿಯನ್ನು ನಾವೇ ಹೊಳೆಗೆ ಒಗೆದರೆ ಅದು ಮೈಲಿಗೆಯೇ ಹೌದು ಎಂದು ನಾವೇ ಸಹಿ ಹಾಕಿದಂತೆ. ಹರಳಯ್ಯ ಚಪ್ಪಲಿ ಹೊಲಿದ, ಕಕ್ಕಯ್ಯ ತೊಗಲು ಹದ ಮಾಡಿದ, ಅವರು ಕಾಯಕ ಬಿಟ್ಟು ಶರಣರಾಗಲಿಲ್ಲ. ಆದರೆ ಜಾತಿ ಹಾಕಿದ ಗೆರೆ ದಾಟಿದರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಅವರನ್ನು ತನ್ನವರೆಂದ. ಕಲ್ಯಾಣದಲ್ಲಿ ಹರಳಯ್ಯನಿಗೆ ಮರಣದಂಡನೆ ಆದದ್ದು ಚಪ್ಪಲಿ ಹೊಲಿದದ್ದಕ್ಕಲ್ಲ, ಮಗನಿಗೆ ಬ್ರಾಹ್ಮಣ ಮಧುವಯ್ಯನ ಮಗಳನ್ನು ತಂದದ್ದಕ್ಕೆ. ಅದೇ ಬಸವಣ್ಣನ ಜಯಂತಿಯ ಮೆರವಣಿಗೆಗೆ ಇವತ್ತು ಕೇರಿಯಿಂದ ಹಲಗಿ ಕರೆಸುತ್ತಾರೆ. ಬಾರಿಸಿದವನನ್ನು ದಾಸೋಹದ ಸಾಲಿನಲ್ಲಿ ಎಲ್ಲಿ ಕೂಡಿಸುತ್ತೀರಿ ಎಂದು ಮೊದಲು ಕೇಳಿರಿ, ಆಮೇಲೆ ಹಲಗಿ ಕಾಸಿರಿ.

ಕನ್ನೊಳ್ಳಿಯ, ಕನ್ನೊಳ್ಳಿಯಂಥ ನೂರು ಊರಿನ ತಮ್ಮಂದಿರೇ, ತಂಗಿಯರೇ, ಹಳ್ಳಿಯ ಶಾಲೆಯ ಮಾಸ್ತರರೇ, ಅಕ್ಕೋರೇ, ಆಗಬೇಕಾದ ಕೆಲಸ ಇಷ್ಟು. ಬಿಟ್ಟಿಗೆ ಹಲಗಿ ಇಲ್ಲ ಎಂದು ಕೇರಿ ಒಟ್ಟಾಗಿ ತೀರ್ಮಾನ ಮಾಡಲಿ. ಒಬ್ಬನೇ ಹೇಳಿದರೆ ಹೊಡೆತ ಬೀಳುತ್ತದೆ, ಕೇರಿ ಹೇಳಿದರೆ ಮಾತಾಗುತ್ತದೆ. ಬಿಟ್ಟಿ ಚಾಕರಿ ಮಾಡಿಸುವುದು, ಸತ್ತ ದನ ಹೊರಲು, ಕುಣಿ ತೋಡಲು ಬಲವಂತ ಮಾಡುವುದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಅಪರಾಧ. ಆ ಕಾಯ್ದೆಯನ್ನು ಹಾಡಿನಲ್ಲಿ ಹೇಳಿರಿ, ಕಾಗದದಲ್ಲಿ ಇದ್ದರೆ ಯಾರಿಗೆ ಗೊತ್ತಾಗುತ್ತದೆ? ಡಬ್ಬಿ ಇಡಿರಿ, ಲೆಕ್ಕವನ್ನು ಗೋಡೆಯ ಮೇಲೆ ಬರೆಯಿರಿ. ಮುದುಕಿಯರ ಬಾಯಲ್ಲಿರುವ ಹಾಡು ಬರೆದುಕೊಳ್ಳಿರಿ, ಹಾಡಿನ ಕೆಳಗೆ ಹಾಡಿದವಳ ಹೆಸರು ಬರೆಯಿರಿ. ಹಲಸಂಗಿಯ ಕಾಲದಲ್ಲಿ ಉಳಿದ ಸಾಲ ಹೀಗೆ ತೀರಲಿ. ತಂಡದಲ್ಲಿ ಹೆಣ್ಣುಮಕ್ಕಳು ಚಾ ಕಾಸುವುದಕ್ಕಲ್ಲ, ಹಲಗಿ ಹಿಡಿಯುವುದಕ್ಕೆ ಬರಲಿ. ಕೈಯಲ್ಲಿ ಮೊಬೈಲ್ ಇದೆಯಲ್ಲ, ಅದರಲ್ಲಿ ಸಿನಿಮಾ ಕುಣಿತಕ್ಕೆ ತುಟಿ ಅಲ್ಲಾಡಿಸಿದ್ದು ಸಾಕು. ಬೋರಿನ ಹತ್ತಿರ ಯಾರನ್ನು ನಿಲ್ಲಿಸುತ್ತಾರೆ, ಸ್ಮಶಾನಕ್ಕೆ ಯಾರಿಗೆ ಜಾಗ ಇಲ್ಲ, ಅದನ್ನು ಹಿಡಿಯಿರಿ. ಬಿಳಿ ಧೋತರ ಪರದೆ ಮಾಡಿ ಕೇರಿಯ ನಡುವೆ ಎಲ್ಲರೂ ಕೂಡಿ ನೋಡಿರಿ. ಆಮೇಲೆ ಎದ್ದು ಮಾತಾಡಿರಿ. ಮಾತು ಹುಟ್ಟದ ಆಟ ಆಟವಲ್ಲ.

ಮಾಸ್ತರರಿಗೆ ಬೇರೆ ಒಂದು ಮಾತು. ಆಗಸ್ಟ್ 15ಕ್ಕೆ ಮಕ್ಕಳಿಂದ ಕುಣಿಸುವ ಜನಪದ ನೃತ್ಯದಲ್ಲಿ ಹಲಗಿ ಹಿಡಿಯಲು ಕೇರಿಯ ಹುಡುಗನನ್ನೇ ಯಾಕೆ ಕರೆಯುತ್ತೀರಿ? ಗೌಡರ ಮನೆಯ ಹುಡುಗನಿಗೂ ಕೊಡಿರಿ. ಕೇರಿಯ ಹುಡುಗಿಗೆ ಪೇಟಿ ಕೊಡಿರಿ. ಅಷ್ಟು ಮಾಡಿದರೆ ನೂರು ಭಾಷಣಕ್ಕೆ ಸಮ.

ಅನುದಾನ ಮುಟ್ಟಲೇಬಾರದು ಎಂದು ನಾವು ಹೇಳುತ್ತಿಲ್ಲ. ಸರ್ಕಾರದ ದುಡ್ಡು ನಮ್ಮ ಬೆವರಿನ ದುಡ್ಡೇ. ಕೊಟ್ಟರೆ ತೊಗೊಳ್ರಿ, ಆದರ ಕೊಡದಿದ್ದರೂ ನಡೆಯುವ ತಂಡ ಮೊದಲು ಕಟ್ಟಿರಿ. ಸನ್ಮಾನದ ಶಾಲು ಹೆಗಲಿಗೆ ಬಿದ್ದಾಗ ಹಲಗಿಯ ಕೋಲು ಕೈಯಿಂದ ಜಾರದಿರಲಿ. ಹಲಗಿ ಹಿಡಿದ ಕೈ ಕೇರಿಯದಾಗಿರಲಿ, ಬಾರಿಸುವ ಮಾತೂ ಕೇರಿಯದೇ ಆಗಿರಲಿ. ಬೆಂಕಿ ಹಚ್ಚಿರಿ, ಹಲಗಿ ಕಾಸಿರಿ, ಈ ಸಲ ಊರಿನ ಹೆಣಕ್ಕಲ್ಲ, ನಮ್ಮ ಸಭೆಗೆ.